ಹೆಡ್‌ಮಾಸ್ಟರ್ ಇಲ್ಲದ ಶಾಲೆಯಲ್ಲಿ ಸಮಾನತೆಯ ಪಾಠ

ಶಾಲೆಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಕಲಿಯುವಂತೆ, ಒಟ್ಟಿಗೆ ಉಣ್ಣುವಂತೆ ನೋಡಿಕೊಳ್ಳುವ ಮೊದಲ ಹೊಣೆ ಮುಖ್ಯಶಿಕ್ಷಕರದು. ಕಾನೂನು, ಸುತ್ತೋಲೆ, ತರಬೇತಿ ಎಲ್ಲವೂ ಅವರ ಮೇಜಿನವರೆಗೆ ಬರುತ್ತವೆ. ಅಲ್ಲಿಂದ ತರಗತಿಯೊಳಕ್ಕೆ ಹೋಗುವುದು ಆ ಕುರ್ಚಿಯಲ್ಲಿ ಕೂತವರ ಎದೆಗಾರಿಕೆಯ ಮಾತು. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲುವಹಳ್ಳಿ ವಸತಿ ಶಾಲೆಯ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣದಲ್ಲಿ ಬಂಧನಕ್ಕೊಳಗಾದವರಲ್ಲಿ ಪ್ರಾಂಶುಪಾಲರೂ ಇದ್ದರು. ಕಾಯಬೇಕಾದವರ ಕಣ್ಣೆದುರೇ ಇಂಥದ್ದು ನಡೆದರೆ ಮಗು ಯಾರ ಬಳಿ ಹೇಳಿಕೊಳ್ಳಬೇಕು?

ಆದೇಶಗಳಿಗೆ ಈ ನಾಡಿನಲ್ಲಿ ಎಂದೂ ಬರವಿಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಮಹಾರ್ ಹುಡುಗನೊಬ್ಬನನ್ನು ಸೇರಿಸಿಕೊಳ್ಳಲಿಲ್ಲ. ಮುಂಬಯಿ ಸರ್ಕಾರವೂ ಶಾಲೆಯ ಪರವೇ ನಿಂತಿತು. ಎರಡೇ ವರ್ಷದಲ್ಲಿ, ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಎಂಬ ಪ್ರಕಟಣೆ ಹೊರಬಿತ್ತು. ಅದು ಕಾಗದದಲ್ಲೇ ಉಳಿಯಿತು. ಅತ್ತ ಮಂಗಳೂರಿನಲ್ಲಿ, ಆ ಶತಮಾನದ ಕೊನೆಯ ಹೊತ್ತಿಗೂ, ಕುದ್ಮುಲ್ ರಂಗರಾಯರು ಸ್ವಜನರ ಬಹಿಷ್ಕಾರ ಸಹಿಸಿಕೊಂಡು ದಲಿತ ಮಕ್ಕಳಿಗೆಂದೇ ಬೇರೆ ಶಾಲೆ ಕಟ್ಟಬೇಕಾಯಿತು.

ಇವತ್ತಿಗೂ ಪರೀಕ್ಷೆ ನಡೆಯುವುದು ಬಿಸಿಯೂಟದ ಹೊತ್ತಿನಲ್ಲೇ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದರೂ ಅಡುಗೆಯವರ ಜಾತಿ ತಿಳಿದೊಡನೆ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗುತ್ತಾರೆ. ಮೊದಲ ದಿನ ಇಬ್ಬರು ಹೊಟ್ಟೆನೋವು ಎನ್ನುತ್ತಾರೆ. ವಾರದೊಳಗೆ ವರಾಂಡದಲ್ಲಿ ಎರಡು ಸಾಲು ಬೇರೆಯಾಗಿರುತ್ತವೆ. ಆಗ ಮುಖ್ಯಶಿಕ್ಷಕರು ತಟ್ಟೆ ಹಿಡಿದು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಅದೇ ಅಡುಗೆಯಮ್ಮನ ಕೈಯಿಂದ ಸಾರು ಬಡಿಸಿಕೊಂಡು ಉಂಡರೆ ಅರ್ಧ ಜಗಳ ಮುಗಿಯಿತು. ಆಫೀಸಿನ ಬಾಗಿಲು ಎಳೆದುಕೊಂಡು ತಮ್ಮ ಡಬ್ಬಿ ಬಿಚ್ಚಿದರೆ ಊರಿಗೆ ಬೇರೆ ಅಪ್ಪಣೆ ಬೇಕಿಲ್ಲ. ಶೌಚಾಲಯ ತೊಳೆಯುವ, ಕಸ ಗುಡಿಸುವ ಪಾಳಿಯಲ್ಲಿ ಯಾರ ಹೆಸರು ಮತ್ತೆ ಮತ್ತೆ ಬರುತ್ತದೆ ಎಂಬುದನ್ನೂ ಅವರೇ ನೋಡಬೇಕು. ಅಂಗವಿಕಲ ಮಕ್ಕಳ ವಿಷಯವೂ ಹೀಗೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಶಾಲೆ ಬಾಗಿಲಿಗೆ ಇಳಿಜಾರು ಕಟ್ಟಿ ತರಗತಿಯನ್ನು ಮಹಡಿಯಲ್ಲೇ ಇಟ್ಟರೆ ಗಾಲಿಕುರ್ಚಿಯ ಮಗು ಕೆಳಗೇ ಉಳಿಯುತ್ತದೆ. ಆ ತರಗತಿಯನ್ನು ಕೆಳಗಿಳಿಸಲು ಅನುದಾನ ಬೇಕಿಲ್ಲ, ಮುಖ್ಯಶಿಕ್ಷಕರ ಒಂದು ಮಾತು ಸಾಕು.

ಆದರೆ ಆ ಮಾತನ್ನು ಆಡುವವರು ಎಲ್ಲಿದ್ದಾರೆ? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ, 6ರಿಂದ 8ರಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಮುಖ್ಯಶಿಕ್ಷಕರು ಕಡ್ಡಾಯ. ಸಣ್ಣ ಊರಿನ ಶಾಲೆ ಈ ಲೆಕ್ಕದಿಂದ ಹೊರಗೆ, ಜಾತಿಯ ಬಿಗಿ ಹೆಚ್ಚಿರುವುದೂ ಅಲ್ಲೇ. ಅಲ್ಲಿ ಹಿರಿಯ ಶಿಕ್ಷಕರೊಬ್ಬರ ಹೆಗಲಿಗೆ ‘ಪ್ರಭಾರ’ ಬೀಳುತ್ತದೆ. ಪಾಠದ ಜೊತೆಗೆ ಅಕ್ಕಿಬೇಳೆ ದಾಸ್ತಾನು, ಮೊಟ್ಟೆಯ ಲೆಕ್ಕ, ಮಕ್ಕಳ ವಿವರಗಳ ಸ್ಯಾಟ್ಸ್ ನಮೂದು, ಬಿಇಒ ಕಚೇರಿಯ ಸಭೆ. ಅಡುಗೆಯವರ ಜಾತಿಯ ನೆಪ ಹಿಡಿದು ಊರ ಪ್ರಮುಖರು ಮಗುವಿನ ಟಿ.ಸಿ. ಕೇಳಲು ಬಂದಾಗ ‘ಕೊಡುವುದಿಲ್ಲ, ಮೊದಲು ಕೂತು ಮಾತಾಡೋಣ’ ಎನ್ನಲು ಪ್ರಭಾರಿಗೆ ಬಲ ಎಲ್ಲಿಂದ ಬರಬೇಕು? ದಾಖಲಾತಿ ಕುಸಿದರೆ ಶಾಲೆಯೇ ಮುಚ್ಚೀತೆಂಬ ಭಯ ಬೇರೆ.

ತಾರತಮ್ಯಕ್ಕೆ ಮಣಿಯದೆ ನಿಂತದ್ದಕ್ಕೆ ದಾಖಲಾತಿ ಇಳಿದ ಶಾಲೆಯನ್ನು ವಿಲೀನದ ಪಟ್ಟಿಗೆ ಸೇರಿಸುವುದಿಲ್ಲ ಎಂದು ಇಲಾಖೆ ಲಿಖಿತವಾಗಿ ಹೇಳಲಿ. ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಪ್ರತಿ ಶಾಲೆಗೂ ಪೂರ್ಣಾವಧಿ ಮುಖ್ಯಶಿಕ್ಷಕರನ್ನು ಕೊಡಲಿ. ಅಷ್ಟನ್ನೂ ಮಾಡದ ಇಲಾಖೆಗೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸಮಾನತೆಯ ಪ್ರತಿಜ್ಞೆ ಬೋಧಿಸಿ ಫೋಟೊ ಕಳಿಸಿ ಎಂದು ಕೇಳುವ ಅಧಿಕಾರವಿಲ್ಲ.