ಬಿಡಲೊಲ್ಲದ ಬ್ರೇಕು

ಗೆಳತಿಯರೇ, ಈ ಸಲ ಒಲೆ ಆರಿಸಿ ಸ್ವಲ್ಪ ಕಾರಿನ ಕಡೆ ಬನ್ನಿ. ಮಕ್ಕಳನ್ನು ಶಾಲೆಗೆ ಬಿಡೋದು, ತರಕಾರಿ ತರೋದು ಎಲ್ಲಾ ಈಗ ನಮ್ಮಲ್ಲಿ ಎಷ್ಟೋ ಜನಕ್ಕೆ ಕಾರಲ್ಲೇ ಅಲ್ವೇ? ಆದರೆ ಹಲವು ಹೊಸ ಕಾರುಗಳಲ್ಲಿ ಎಳೆಯುವ ಹ್ಯಾಂಡ್ ಬ್ರೇಕ್ ಹೋಗಿ, ಆ ಜಾಗಕ್ಕೆ ಬೆರಳಗಲದ ಒಂದು ಗುಂಡಿ ಬಂದಿದೆ. ಮಾರುವವರು "ಎಲ್ಲಾ ಆಟೋಮ್ಯಾಟಿಕ್ ಮೇಡಂ, ಆಕ್ಸಿಲರೇಟರ್ ಒತ್ತಿದರೆ ತಾನೇ ಬಿಡುತ್ತೆ" ಅಂದು ಕೀ ಕೊಟ್ಟುಬಿಡುತ್ತಾರೆ. ಬಿಡದೇ ಹೋದರೆ? ಅದನ್ನು ಮಾತ್ರ ಹೇಳುವುದಿಲ್ಲ.

ಹಳೆಯದರ ಕೆಲಸ ಸೈಕಲ್ ಬ್ರೇಕಿನ ಹಾಗೆ. ಎಳೆದರೆ ಕೇಬಲ್ ಬಿಗಿಯಾಗಿ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ಹೊಸದರಲ್ಲಿ ಸಾಮಾನ್ಯವಾಗಿ ಹಿಂದಿನ ಒಂದೊಂದು ಚಕ್ರಕ್ಕೂ ಒಂದು ಪುಟ್ಟ ಮೋಟಾರು. ತಿರುಪಿನ ಚಕ್ಕುಲಿ ಒರಳು ನಿಮಗೆ ಗೊತ್ತಲ್ಲ, ಹಿಡಿ ತಿರುಗಿಸಿದಂತೆ ಬಿಲ್ಲೆ ಕೆಳಗಿಳಿದು ಹಿಟ್ಟನ್ನು ಒತ್ತುತ್ತದೆ. ಹಾಗೆಯೇ ಈ ಮೋಟಾರು ತಿರುಪನ್ನು ತಿರುಗಿಸಿ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತಿಬಿಡುತ್ತದೆ. ಒತ್ತಿದ ಮೇಲೆ ಹಿಡಿದುಕೊಂಡಿರಲು ಕರೆಂಟು ಬೇಡ, ಆದರೆ ಬಿಡಿಸಲು ಮತ್ತೆ ಬೇಕೇ ಬೇಕು. ಬ್ಯಾಟರಿ ಸತ್ತರೆ ಬ್ರೇಕು ಹಿಡಿದಲ್ಲೇ ಇರುತ್ತದೆ ಅನ್ನೋದು ಇದಕ್ಕೇ.

ತಾನಾಗಿ ಬಿಡುವುದಕ್ಕೂ ಕಾರು ಕೆಲವು ಷರತ್ತು ಹಾಕುತ್ತದೆ. ಇಂಜಿನ್ ಓಡುತ್ತಿರಬೇಕು, ಗೇರು ಬಿದ್ದಿರಬೇಕು. ಹೆಚ್ಚಿನ ಕಾರುಗಳಲ್ಲಿ ಓಡಿಸುವವರ ಸೀಟ್ ಬೆಲ್ಟ್ ಹಾಕಿರಬೇಕು, ಅವರ ಕಡೆಯ ಬಾಗಿಲು ಮುಚ್ಚಿರಬೇಕು. ಕೆಲವದರಲ್ಲಿ ಬಾನೆಟ್ಟು, ಡಿಕ್ಕಿಯೂ ಸರಿಯಾಗಿ ಮುಚ್ಚಿರಬೇಕು. ಇದು ಹಟವಲ್ಲ, ಕಾವಲು. ಇಂಜಿನ್ ಓಡುತ್ತಿರುವ ಕಾರಿನಲ್ಲಿ ಮಗು ಮುಂದಿನ ಸೀಟಿಗೆ ನುಗ್ಗಿ ಪೆಡಲ್ ತುಳಿದರೆ ಗಾಡಿ ಓಡಬಾರದಲ್ಲ! ಆದ್ದರಿಂದ ಬ್ರೇಕು ಬಿಡಲಿಲ್ಲ ಅಂದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಬೆಲ್ಟ್ ನೋಡಿಕೊಳ್ಳಿ, ಆಮೇಲೆ ಬಾಗಿಲು. ಸೀರೆ ಸೆರಗು ಬಾಗಿಲಿಗೆ ಸಿಕ್ಕಿ ಅದು ಅರ್ಧ ಮಾತ್ರ ಮುಚ್ಚಿರುವುದೂ ಉಂಟು.

ಎಲ್ಲಾ ಸರಿಯಿದ್ದೂ ಬಿಡದಿದ್ದರೆ ಕೈಯಿಂದಲೇ ಬಿಡಿಸಿ. ಕಾಲಿನ ಬ್ರೇಕನ್ನು ಗಟ್ಟಿಯಾಗಿ ತುಳಿದುಕೊಂಡು ಗುಂಡಿ ಒತ್ತಿ. ವೃತ್ತದೊಳಗಿನ 'ಪಿ' ಅಕ್ಷರದ ಕೆಂಪು ದೀಪ ಆರಬೇಕು. ಆರುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ. "ಸ್ವಲ್ಪ ಜೋರಾಗಿ ಒತ್ತಿ, ಬಿಡುತ್ತೆ" ಅಂತ ಪಕ್ಕದ ಸೀಟಿನಿಂದ ಉಪದೇಶ ಬಂದೇ ಬರುತ್ತದೆ, ಕೇಳಬೇಡಿ. ಹಾಗೆ ಒತ್ತಿದಾಗ ಬ್ರೇಕು ಥಟ್ಟನೆ ಬಿಟ್ಟರೆ ಕಾರು ಮುಂದಕ್ಕೆ ಹಾರುತ್ತದೆ. ಮಡಿಕೇರಿಯಂಥ ಏರುತಗ್ಗಿನ ಊರಿನಲ್ಲಿ, ಎದುರಿಗೆ ಗೇಟೋ ಮಕ್ಕಳೋ ಇದ್ದಾಗ, ಏನಾದೀತು ಹೇಳಿ.

ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿದ್ದರೆ ದೋಷ ಬ್ರೇಕಿನದಲ್ಲ, ಬ್ಯಾಟರಿಯದು. ಇನ್ನೊಂದು ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿಸಿದ ಮೇಲೆ ಗುಂಡಿ ಒತ್ತಿ ನೋಡಿ. ಬ್ರೇಕು ಹಿಡಿದಿರುವಾಗ ಹಗ್ಗ ಕಟ್ಟಿ ಎಳೆಸುವುದು ಮಾತ್ರ ಬೇಡ. ಮಳೆಗಾಲದಲ್ಲಿ ನಾಲ್ಕೈದು ದಿನ ನಿಂತ ಕಾರಿನಲ್ಲಿ ಪ್ಯಾಡು ತುಕ್ಕಿಗೆ ಡಿಸ್ಕಿಗೆ ಅಂಟಿರಬಹುದು. ದೀಪ ಆರಿದ ಮೇಲೆ ನಿಧಾನವಾಗಿ ಹೊರಟರೆ 'ಟಕ್' ಅಂದು ಬಿಟ್ಟುಕೊಳ್ಳುತ್ತದೆ.

ಹಳದಿ ದೀಪ ಬಂದರೂ, ಓಡಿಸುವಾಗ ಹಿಂದಿನಿಂದ ಸುಟ್ಟ ವಾಸನೆ ಬಂದರೂ ಕಾರು ನಿಲ್ಲಿಸಿ ತಿಳಿದವರನ್ನು ಕರೆಸಿ. ಚಕ್ರ ಮುಟ್ಟಿ ನೋಡಲು ಹೋಗಬೇಡಿ, ಕಾದ ಬಾಣಲೆಗಿಂತ ಬಿಸಿ ಇರುತ್ತದೆ.

ಹಿಂದಿನ ಪ್ಯಾಡು ಬದಲಾಯಿಸುವಾಗ "ಬ್ರೇಕನ್ನು ಸರ್ವೀಸ್ ಮೋಡ್‌ಗೆ ಹಾಕಿದ್ದೀರಾ?" ಅಂತ ಗ್ಯಾರೇಜಿನವರನ್ನು ಕೇಳಿ. ಹಾಕದೆ ಬಲವಂತವಾಗಿ ಹಿಂದಕ್ಕೆ ಒತ್ತಿದರೆ ಆ ಪುಟ್ಟ ಮೋಟಾರು ಕೆಡಬಹುದು, ಅದರ ಬಿಲ್ಲು ಪ್ಯಾಡಿನ ಬಿಲ್ಲಿಗಿಂತ ದೊಡ್ಡದು!