‘ಡಬಲ್ಸ್ ತಾನೇ ಮಾರಾಯ್ರೇ?’

2024ರ ಜನವರಿ 27, ಶನಿವಾರ ಸಂಜೆ. ಮೆಲ್ಬರ್ನ್‌ನಲ್ಲಿ ರೋಹನ್ ಬೋಪಣ್ಣ ಮತ್ತು ಮ್ಯಾಥ್ಯೂ ಎಬ್ಡೆನ್ ಸೇರಿ ಇಟಲಿಯ ಬೊಲೆಲ್ಲಿ–ವವಾಸ್ಸೊರಿ ಜೋಡಿಯನ್ನು 7-6, 7-5ರಿಂದ ಸೋಲಿಸಿದ್ದರು. ಮಲಾಡ್‌ನ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಎಂದಿನ ಚಳಿಗಾಲದ ಬ್ಯಾಡ್ಮಿಂಟನ್ ನಡೆದಿತ್ತು. ನಾನು ಕುಣಿಯುವುದೊಂದು ಬಾಕಿ. ನಾಲ್ಕನೇ ಮಹಡಿಯ, ನಮ್ಮೂರ ಕಡೆಯವರೇ ಆದ ಒಬ್ಬರಿಗೆ ಓಡಿಹೋಗಿ ಸುದ್ದಿ ಹೇಳಿದೆ. ಅವರು ಶೂ ಲೇಸ್ ಕಟ್ಟುತ್ತಾ ಕೇಳಿದರು: “ಡಬಲ್ಸ್ ತಾನೇ ಮಾರಾಯ್ರೇ?”

ಆ ‘ತಾನೇ’ ನನ್ನನ್ನು ಇವತ್ತಿಗೂ ಕುಟುಕುತ್ತಿದೆ. ಯಾಕೆಂದರೆ ಅದು ಅವರೊಬ್ಬರ ಮಾತಲ್ಲ. ಟೆನಿಸ್ ನೋಡುವ ನಮ್ಮವರಲ್ಲಿ ಹತ್ತಕ್ಕೆ ಒಂಬತ್ತು ಜನರ ಮನಸ್ಸಿನಲ್ಲಿ ಇರುವುದು ಅದೇ. ಸಿಂಗಲ್ಸ್‌ನಲ್ಲಿ ಆಗದವರು ಡಬಲ್ಸ್‌ಗೆ ಹೋಗುತ್ತಾರೆ, ಅಷ್ಟೇ. ಹೊಗಳುವವರಾದರೂ ಏನು ಹೊಗಳಿದರು? ವಯಸ್ಸನ್ನು. ‘43ರಲ್ಲೂ!’ ಎಂದು ಎಲ್ಲ ಕಡೆ ತಲೆಬರಹ. ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರಾಂಡ್‌ಸ್ಲಾಮ್ ಗೆದ್ದ ಅತಿ ಹಿರಿಯ, ಎರಡು ದಿನ ಬಿಟ್ಟು ಮೊದಲ ಬಾರಿಗೆ ವಿಶ್ವದ ನಂಬರ್ ಒನ್ ಆದ ಅತಿ ಹಿರಿಯ. ದಾಖಲೆಗಳೆಲ್ಲ ನಿಜ. ಆದರೆ ಮದುವೆಮನೆಯಲ್ಲಿ ಅಜ್ಜ ಕುಣಿದರೆ ಚಪ್ಪಾಳೆ ತಟ್ಟುವಂಥ ಹೊಗಳಿಕೆ ಅದು. ಅಜ್ಜ ಹೇಗೆ ಕುಣಿದ ಎಂದು ಯಾರೂ ನೋಡುವುದಿಲ್ಲ.

ಹೇಗೆ ಆಡಿದರು ಎಂಬುದನ್ನು ನೋಡೋಣ. ಡಬಲ್ಸ್‌ನಲ್ಲಿ ಸರ್ವ್ ಮಾಡುವವನ ಜೊತೆಗಾರ ನೆಟ್ ಬಳಿ ಕಾದು ನಿಂತಿರುತ್ತಾನೆ. ಎದುರಾಳಿ ಚೆಂಡನ್ನು ಒಂದು ಗೇಣು ಎತ್ತರಕ್ಕೆ ಹಿಂತಿರುಗಿಸಿದರೂ ಅವನು ನುಗ್ಗಿ ಕೆಡವುತ್ತಾನೆ. ಹಾಗಾಗಿ ಸರ್ವ್, ರಿಟರ್ನ್, ಮೊದಲ ವಾಲಿ, ಈ ಮೂರೇ ಹೊಡೆತಗಳಲ್ಲಿ ಬಹಳಷ್ಟು ಪಾಯಿಂಟುಗಳ ಹಣೆಬರಹ ಮುಗಿಯುತ್ತದೆ. ಸಿಂಗಲ್ಸ್ ಆಟಗಾರ ಇಪ್ಪತ್ತು ಹೊಡೆತಗಳ ರ‍್ಯಾಲಿಯಲ್ಲಿ ತಪ್ಪನ್ನು ತಿದ್ದಿಕೊಳ್ಳಬಹುದು. ಇಲ್ಲಿ ಆ ಪುರುಸೊತ್ತಿಲ್ಲ. ಟೂರ್ ಪಂದ್ಯಗಳಲ್ಲಂತೂ ಡ್ಯೂಸ್ ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಖಲಾಸ್, ಮೂರನೇ ಸೆಟ್‌ನ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಇಂಥ ಕಡೆ ಬೋಪಣ್ಣನವರ ಸರ್ವ್ ಬರೀ ಬಲದ್ದಲ್ಲ. ಎದುರಾಳಿಯ ರಿಟರ್ನ್ ಎಲ್ಲಿಗೆ ಬರಬೇಕು ಎಂಬುದನ್ನು ಅದೇ ನಿರ್ಧರಿಸುತ್ತಿತ್ತು, ಎಬ್ಡೆನ್ ಅಲ್ಲಿ ಇರುತ್ತಿದ್ದರು. ಇನ್ನು ಆ ಒಂದೇ ಕೈಯ ಬ್ಯಾಕ್‌ಹ್ಯಾಂಡ್! ಎರಡೂ ಕೈಯಲ್ಲಿ ರಾಕೆಟ್ ಹಿಡಿದು ಸಾಣೆ ಹಿಡಿದಂತೆ ಆಡುವ ಈ ಕಾಲದಲ್ಲಿ, ಅವರು ಅದನ್ನೇ ಇಟ್ಟುಕೊಂಡು ರಿಟರ್ನ್‌ನಲ್ಲಿ ಬೀಸಿ ಹೊಡೆಯುತ್ತಿದ್ದರು. ಸುಮ್ಮನೆ ಚೆಂಡನ್ನು ಒಳಗೆ ಹಾಕಿ ಬದುಕಿಕೊಳ್ಳುವ ಆಟ ಅವರದಾಗಿರಲಿಲ್ಲ. ಅದರಿಂದ ಸೋತದ್ದೂ ಉಂಟು, ಇಲ್ಲವೆನ್ನುವುದಿಲ್ಲ.

ಮಂಡಿಯ ಮೃದ್ವಸ್ಥಿ ಸವೆದುಹೋದ ಮೇಲೂ ಅಯ್ಯಂಗಾರ್ ಯೋಗ ಹಿಡಿದು ಆಡಿದರು. 2021ರಲ್ಲಿ ತಿಂಗಳುಗಟ್ಟಲೆ ಗೆಲುವೇ ಇಲ್ಲದೆ ಆಟ ಬಿಡುವ ಯೋಚನೆ ಬಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಕೊಡಗಿನ ಕಾಫಿ ಬೆಳೆಗಾರರಾದ ತಂದೆ, ಮಗ ಒಬ್ಬನೇ ಆಡುವ ಆಟ ಆಡಲಿ ಎಂದು ಟೆನಿಸ್‌ಗೆ ಹಾಕಿದರಂತೆ. ಆ ಮಗ ಕಡೆಗೆ 19ನೇ ಜೊತೆಗಾರನೊಂದಿಗೆ ಪುರುಷರ ಡಬಲ್ಸ್ ಗ್ರಾಂಡ್‌ಸ್ಲಾಮ್ ಗೆದ್ದ. ಜೊತೆ ಬದಲಿಸಿದ ಹಾಗೆಲ್ಲ ಆಟವನ್ನೂ ಹೊಂದಿಸಿಕೊಳ್ಳಬೇಕು. ಲೋಕಲ್ ಟ್ರೈನಿನ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತು ಅಂಧೇರಿವರೆಗೆ ಹೋದವರಿಗೆ ಇದರ ಕಷ್ಟ ಸ್ವಲ್ಪ ಗೊತ್ತಿರಬೇಕು.

ಎದುರು ವಾದವನ್ನು ನಾನು ಮುಚ್ಚಿಡುವುದಿಲ್ಲ. ಸಿಂಗಲ್ಸ್‌ನಲ್ಲಿ ಬೋಪಣ್ಣನವರ ಅತ್ಯುತ್ತಮ ರ‍್ಯಾಂಕಿಂಗ್ 213. ಜೊಕೊವಿಚ್, ಅಲ್ಕರಾಝ್ ಅಂಥವರು ಡಬಲ್ಸ್ ಆಡುವುದು ಅಪರೂಪ. ಅವರು ಮನಸ್ಸು ಮಾಡಿದರೆ ಈ ಡಬಲ್ಸ್‌ನವರೆಲ್ಲ ಗಂಟುಮೂಟೆ ಕಟ್ಟಬೇಕು ಎನ್ನುತ್ತಾರೆ. ಸರಿ, 2025ರ ಯುಎಸ್ ಓಪನ್ ಈ ಮಾತನ್ನು ಪರೀಕ್ಷೆ ಮಾಡಿಯೇಬಿಟ್ಟಿತು. ಮಿಶ್ರ ಡಬಲ್ಸ್‌ಗೆ ಬರೀ 16 ಜೋಡಿ, ಬಹುಪಾಲು ಸಿಂಗಲ್ಸ್ ತಾರೆಯರು, ಫೈನಲ್‌ವರೆಗೆ ನಾಲ್ಕೇ ಗೇಮಿನ ಸೆಟ್, ಗೆದ್ದ ಜೋಡಿಗೆ ಹತ್ತು ಲಕ್ಷ ಡಾಲರ್. ಗೆದ್ದವರು ಯಾರು? ಸಾರಾ ಎರ‍್ರಾನಿ ಮತ್ತು ಆಂಡ್ರಿಯಾ ವವಾಸ್ಸೊರಿ, ಡಬಲ್ಸ್ ಕಸುಬಿನವರು. ಫೈನಲ್‌ನಲ್ಲಿ ಸೋತವರು ಸ್ವಿಯಾಂಟೆಕ್ ಮತ್ತು ರೂಡ್. ಈ ವವಾಸ್ಸೊರಿ ಯಾರೆಂದು ಮೇಲೆ ಮೊದಲ ಪ್ಯಾರಾದಲ್ಲಿ ನೋಡಿ.

ಇನ್ನೊಂದು. ನಮ್ಮ ಪತ್ರಿಕೆಗಳಿಗೆ ಡಬಲ್ಸ್ ಮುಖಪುಟದ ಸುದ್ದಿಯಾಗುವುದು ಜಗಳವಾದಾಗ. 2012ರ ಒಲಿಂಪಿಕ್ಸ್‌ಗೆ ಪೇಸ್ ಜೊತೆ ಯಾರು ಆಡುವುದಿಲ್ಲ ಎಂಬುದಕ್ಕೆ ಹರಿದಷ್ಟು ಶಾಯಿ, 2010ರಲ್ಲಿ ಬೋಪಣ್ಣ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್ ತಲುಪಿದಾಗ ಅವರ ವಾಲಿಗಳ ಬಗ್ಗೆ ಹರಿಯಲಿಲ್ಲ. ಅಂದು ಬ್ರಯನ್ ಸಹೋದರರ ಎದುರು ಎರಡೂ ಸೆಟ್ ಸೋತದ್ದು ಟೈಬ್ರೇಕಿನಲ್ಲಿ. ಎರಡು ದೇಶಗಳ ಸ್ನೇಹದ ಕಥೆ ಬರೆದರು, ಚೆನ್ನಾಗಿಯೇ ಬರೆದರು. ಆಟದ ಕಥೆ ಉಳಿಯಿತು. ಡಬಲ್ಸ್ ನೋಡಲು ಕಲಿಸಿದವರೇ ಇಲ್ಲದಿದ್ದರೆ ನಾಲ್ಕನೇ ಮಹಡಿಯವರನ್ನು ದೂರಿ ಏನು ಫಲ?

2025ರ ನವೆಂಬರ್‌ನಲ್ಲಿ ಬೋಪಣ್ಣ ವಿದಾಯ ಹೇಳಿದರು. ಆ ದಿನವೂ ಅವರಿಗೆ ಹೇಳಿದೆ. “ಹೌದಾ, ಪಾಪ,” ಎಂದು ಅಂಗಳಕ್ಕಿಳಿದರು. ನಮ್ಮ ಕಾಂಪೌಂಡಿನಲ್ಲಿರುವುದು ಒಂದೇ ಕೋರ್ಟು, ಜನ ಹೆಚ್ಚು. ಇಷ್ಟು ವರ್ಷಗಳಲ್ಲಿ ಅವರು ಅಲ್ಲಿ ಆಡಿದ್ದೆಲ್ಲ ಡಬಲ್ಸೇ. ಎರಡನೇ ಸರ್ವ್‌ಗೇ ಶಟಲ್ ಇಬ್ಬರ ನಡುವೆ ಬಿತ್ತು. “ನಿಮ್ದಲ್ವಾ ಅದು!” ಎಂದು ಜೊತೆಗಾರನ ಮೇಲೆ ರೇಗಿದರು.