ಬ್ಯಾಲನ್ ಡಿಓರ್ ನೋಡೋಕೆ ನಾವು ಬೇಕು, ಮತ ಹಾಕೋಕೆ ಬೇಡ!

2025ರ ಸೆಪ್ಟೆಂಬರ್ 22ರ ನಡುರಾತ್ರಿ. ಪ್ಯಾರಿಸ್‌ನಲ್ಲಿ ಉಸ್ಮಾನ್ ಡೆಂಬೆಲೆ ಕೈಗೆ ಬ್ಯಾಲನ್ ಡಿಓರ್ ಬಂದಾಗ ದೊಡ್ಡಬಳ್ಳಾಪುರ, ಹೊಸಕೋಟೆಯ ಹುಡುಗರ ವಾಟ್ಸ್ಆ್ಯಪ್ ಸ್ಟೇಟಸ್‌ಗಳೂ ಬದಲಾದವು. ಡೆಂಬೆಲೆಗೆ ಯಾಕೆ, ಯಮಾಲ್‌ಗೆ ಯಾಕಿಲ್ಲ ಅಂತ ಬೆಳಗಿನವರೆಗೂ ಜಗಳ. ಆದರೆ ಈ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಅಲ್ಲಿ ಮತ ಹಾಕಿದ ಪತ್ರಕರ್ತರಲ್ಲಿ ನಮ್ಮ ದೇಶದವರು ಯಾರಾದ್ರೂ ಇದ್ರಾ?

ಇರಲಿಲ್ಲ. ಇರೋಕೆ ಈಗಿನ ನಿಯಮವೇ ಬಿಡಲ್ಲ.

ಮತದ ಹಕ್ಕಿಗೂ ರ‍್ಯಾಂಕಿಂಗ್

ಫ್ರಾನ್ಸ್ ಫುಟ್ಬಾಲ್ ಪತ್ರಿಕೆ 1956ರಲ್ಲಿ ಈ ಪ್ರಶಸ್ತಿ ಶುರು ಮಾಡಿದಾಗ ಅದು ಯುರೋಪಿನ ಆಟಗಾರರಿಗೆ ಮಾತ್ರ ಮೀಸಲಾಗಿತ್ತು. 1995ರಲ್ಲಿ ಯುರೋಪಿನ ಕ್ಲಬ್‌ಗಳಲ್ಲಿ ಆಡುವ ಬೇರೆ ಖಂಡದವರಿಗೂ ಬಾಗಿಲು ತೆರೆಯಿತು. ಅದೇ ವರ್ಷ ಲೈಬೀರಿಯಾದ ಜಾರ್ಜ್ ವೇಯಾ ಗೆದ್ದರು. 2010ರಿಂದ 2015ರವರೆಗೆ ಫಿಫಾ ಜೊತೆ ಸೇರಿ ಕೊಡುತ್ತಿದ್ದಾಗ ಭಾರತದ ನಾಯಕ, ಕೋಚ್ ಮತ್ತು ಒಬ್ಬ ಪತ್ರಕರ್ತರಿಗೂ ಮತ ಇತ್ತು.

2022ರಲ್ಲಿ ನಿಯಮ ಬದಲಾಯಿತು. ಪುರುಷರ ಪ್ರಶಸ್ತಿಗೆ ಫಿಫಾ ರ‍್ಯಾಂಕಿಂಗ್‌ನ ಮೊದಲ 100 ದೇಶಗಳಿಂದ, ಮಹಿಳೆಯರ ಪ್ರಶಸ್ತಿಗೆ ಮೊದಲ 50 ದೇಶಗಳಿಂದ ತಲಾ ಒಬ್ಬ ಪತ್ರಕರ್ತ. 2025ರ ಜುಲೈನಲ್ಲಿ ಭಾರತದ ಪುರುಷರ ತಂಡ ಇದ್ದದ್ದು 133ನೇ ಸ್ಥಾನದಲ್ಲಿ. ಫಿಫಾದ ‘ದಿ ಬೆಸ್ಟ್’ ಪ್ರಶಸ್ತಿಯಲ್ಲಿ ನಮಗಿನ್ನೂ ಮತ ಇದೆ, ಬಿಡಿ. ಆದರೆ ಜನ ಕಾಯುವುದು ಬ್ಯಾಲನ್ ಡಿಓರ್‌ಗೆ.

ತಂಡ ಸೋತರೆ ಪತ್ರಕರ್ತನ ಕಣ್ಣು ಮಂಜಾಗುತ್ತಾ? ಆಟ ನೋಡುವ ಬುದ್ಧಿಗೂ ದೇಶದ ರ‍್ಯಾಂಕಿಗೂ ಏನು ಸಂಬಂಧ? ರ‍್ಯಾಂಕ್ ಇದ್ದ ಮಾತ್ರಕ್ಕೆ ಎಚ್ಚರ ಬರುತ್ತೆ ಅಂತೇನೂ ಇಲ್ಲ. 2024ರಲ್ಲಿ ರೋಡ್ರಿ ವಿನೀಸಿಯಸ್‌ಗಿಂತ 41 ಅಂಕಗಳಿಂದ ಮುಂದೆ ಬಂದು ಗೆದ್ದರು. ಒಬ್ಬ ಮತದಾರ ಮೊದಲ ಸ್ಥಾನ ಕೊಟ್ಟರೆ ಸಿಗುವುದು 15 ಅಂಕ. ಅಂದರೆ ಮೂರ‍್ನಾಲ್ಕು ಮಂದಿಯ ಪಟ್ಟಿಯೇ ಫಲಿತಾಂಶ ತಿರುಗಿಸಬಹುದಿತ್ತು. ಆ ವರ್ಷ ಫಿನ್‌ಲ್ಯಾಂಡಿನ ಪತ್ರಕರ್ತರೊಬ್ಬರು ತಮ್ಮ ಹತ್ತು ಹೆಸರಿನ ಪಟ್ಟಿಯಲ್ಲಿ ವಿನೀಸಿಯಸ್ ಹೆಸರು ಕಣ್ತಪ್ಪಿನಿಂದ ಬಿಟ್ಟುಹೋಯಿತು ಅಂತ ಆಮೇಲೆ ಒಪ್ಪಿಕೊಂಡರು.

ಮತ ಸಿಕ್ಕಿದ್ರೆ ಏನ್ ಮಾಡ್ತಿದ್ವಿ?

ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಗೊಣಗಾಟ. ನಮ್ಮನ್ನು ನಾವೂ ಕೇಳಿಕೊಳ್ಳಬೇಕು.

2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ಈ ಕಪ್ ನಮಗೆ ಬಂದದ್ದು 1968-69ರಲ್ಲಿ, ಇನ್ನೂ ಮೈಸೂರು ರಾಜ್ಯವಾಗಿದ್ದಾಗ. ಐವತ್ತನಾಲ್ಕು ವರ್ಷಗಳ ಕಾಯುವಿಕೆ! ಫೈನಲ್‌ನಲ್ಲಿ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. ಈ ಮೂರರಲ್ಲಿ ನಿಮಗೆ ಎಷ್ಟು ಹೆಸರು ಗೊತ್ತಿತ್ತು? ನಾಚಿಕೆ ಬೇಡ, ತಪ್ಪು ನಿಮ್ಮದಲ್ಲ. ಹೆಸರು ತಲುಪಿಸಬೇಕಾದ್ದು ನಮ್ಮಂಥ ಮಾಧ್ಯಮದವರು.

ಎಐಎಫ್ಎಫ್ ಕೊಡುವ ವರ್ಷದ ಆಟಗಾರ ಪ್ರಶಸ್ತಿಯನ್ನು ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಏಳು ಸಲ ಗೆದ್ದಿದ್ದಾರೆ. ಅದಕ್ಕೆ ಕೋಚ್‌ಗಳ ಆಯ್ಕೆ ಆಧಾರ, ಪತ್ರಕರ್ತರದ್ದಲ್ಲ. ಅದೇ ಚೆಟ್ರಿ 2018ರಲ್ಲಿ ವಿಡಿಯೋ ಮಾಡಿ, ‘ಬೈಯೋದಾದ್ರೂ ಸರಿ, ಸ್ಟೇಡಿಯಂಗೆ ಬನ್ನಿ’ ಅನ್ನೋ ಅರ್ಥದಲ್ಲಿ ಜನರನ್ನು ಕೇಳಿಕೊಳ್ಳಬೇಕಾಯಿತು. 2025ರ ಆಗಸ್ಟ್‌ನಲ್ಲಿ, ಐಎಸ್ಎಲ್ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಡೆಂಬೆಲೆ ಬಗ್ಗೆ ಬರೆದಷ್ಟು ಇದರ ಬಗ್ಗೆ ಕನ್ನಡದಲ್ಲಿ ಬರೆದೆವಾ?

ಇನ್ನು ಆಡಳಿತ. 2022ರ ಸೆಪ್ಟೆಂಬರ್ ಚುನಾವಣೆಯಲ್ಲಿ ಎಐಎಫ್ಎಫ್ ಅಧ್ಯಕ್ಷರಾದವರು ಬಿಜೆಪಿಯ ಕಲ್ಯಾಣ್ ಚೌಬೆ, ಉಪಾಧ್ಯಕ್ಷರಾದವರು ಶಾಂತಿನಗರದ ಕಾಂಗ್ರೆಸ್ ಶಾಸಕ ಎನ್.ಎ. ಹ್ಯಾರಿಸ್. ಚೌಬೆ ಮಾಜಿ ಗೋಲ್‌ಕೀಪರ್ ಅನ್ನೋದು ನಿಜ. ಆದರೆ ಎರಡೂ ಪಕ್ಷದವರು ಒಂದೇ ಮೇಜಿನ ಸುತ್ತ ಕೂತಾಗ ಪ್ರಶ್ನೆ ಕೇಳುವ ಕೆಲಸ ಯಾರದು? ಪತ್ರಕರ್ತರದೇ.

ದೇವನಹಳ್ಳಿಯ ನೆಲ

ಆಟಕ್ಕೆ ಮೊದಲು ಬೇಕಾದ್ದು ನೆಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಬೆಂಗಳೂರು ಗ್ರಾಮಾಂತರದಲ್ಲಿ ನೆಲವನ್ನು ಚದರಡಿ ಲೆಕ್ಕದಲ್ಲಿ ನೋಡುವುದೇ ಹೆಚ್ಚಾಯಿತು. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ, 2025ರ ಜುಲೈ 15ರಂದು 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಹೊಲ ಉಳಿಸಿಕೊಳ್ಳೋಕೇ ಇಷ್ಟು ಕಷ್ಟ ಇರುವ ಕಡೆ, ಮಕ್ಕಳು ಚೆಂಡು ಒದೆಯುವ ಬಯಲನ್ನು ಕೇಳೋರ‍್ಯಾರು? ಬೇಲಿ ಬಿದ್ದ ಮೇಲೆ ಅದು ಸುದ್ದಿಯೂ ಆಗಲ್ಲ.

ನಮ್ಮದೇ ಒಂದು ಮತಪೆಟ್ಟಿಗೆ

ಇಂಗ್ಲೆಂಡಿನ ಫುಟ್ಬಾಲ್ ಪತ್ರಕರ್ತರು 1948ರಿಂದಲೇ ತಮ್ಮ ವರ್ಷದ ಆಟಗಾರನನ್ನು ಆರಿಸುತ್ತಿದ್ದಾರೆ. ಯಾವ ರ‍್ಯಾಂಕಿಂಗ್‌ನ ಅಪ್ಪಣೆಯೂ ಅದಕ್ಕೆ ಬೇಕಾಗಿಲ್ಲ. ಕರ್ನಾಟಕದ ಪತ್ರಕರ್ತರೂ ಇದನ್ನು ಮಾಡಬಹುದು. ಮೂರು ಷರತ್ತು ಸಾಕು: ರಾಜ್ಯದ ಲೀಗ್ ಪಂದ್ಯಗಳನ್ನು ಮೈದಾನಕ್ಕೆ ಹೋಗಿ ನೋಡಿದವರಿಗಷ್ಟೇ ಮತ, ಯಾರು ಯಾರಿಗೆ ಹಾಕಿದರು, ಯಾಕೆ ಹಾಕಿದರು ಎಂಬುದು ಬಹಿರಂಗ, ಮಹಿಳೆಯರಿಗೆ ಪ್ರತ್ಯೇಕ, ಸಮಾನ ಪ್ರಶಸ್ತಿ.

ಮೂರನೆಯದು ಮಾತಿಗೆ ಹೇಳಿದ್ದಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್ ಫೈನಲ್ ಆಡಿತು. 2025ರ ಜುಲೈನಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡನ್ನು 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಆ ಗೆಲುವಿನ ನಂತರ ಅವರ ರ‍್ಯಾಂಕ್ 60ರ ಆಸುಪಾಸಿಗೆ ಬಂತು. ಬ್ಯಾಲನ್ ಡಿಓರ್ ಮತ ನಮಗೆ ಎಂದಾದರೂ ವಾಪಸ್ ಬಂದರೆ, ಅದನ್ನು ಮೊದಲು ತರೋದು ಬಹುಶಃ ಹುಡುಗೀರೇ.

ಅಷ್ಟರೊಳಗೆ ಅವರ ಹೆಸರನ್ನಾದರೂ ನಾವು ಕಲಿತಿರಬೇಕಲ್ವಾ?